ದೊಡ್ಡವ್ವನ ಎರಡು ರಿಂಗು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿ ತಪ್ಪಿರಬಹುದು. ಹೊಸ ಫೋನು ಬಂದದ್ದು ಮಂಗಳವಾರ ಎಂದು ನನ್ನ ನೆನಪು. ತಮ್ಮ ಶುಕ್ರವಾರ ಅನ್ನುತ್ತಾನೆ. ದಿನಚರಿ ತೆಗೆದು ನೋಡಿದರೆ ಆ ವಾರದ ಪುಟದಲ್ಲಿ ತಾರೀಖಿಲ್ಲದ ಒಂದೇ ಸಾಲಿದೆ: "ಶಹಾಪುರದ ಮನೆಗೆ ಹೊಸ ಫೋನ್ ಆಯಿತು. ಅವ್ವನಿಗೆ ಖುಷಿ." ಅಕ್ಷರ ನನ್ನದೇ. ಆದರೆ ಅವ್ವ ಖುಷಿಯಾಗಿದ್ದಳೆಂದು ಈಗ ನನಗೆ ಅನ್ನಿಸುವುದಿಲ್ಲ. ಆಗ ನಿಜಕ್ಕೂ ಹಾಗೆ ಕಂಡಿತ್ತೋ, ಹಾಗೆ ಕಾಣಲಿ ಎಂದು ಬರೆದಿಟ್ಟೆನೋ ಗೊತ್ತಿಲ್ಲ.

ನಾನು ಯಾದಗಿರಿಯಲ್ಲಿ ಇರುವವಳು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಕೆಲಸ. ಅವ್ವ ಶಹಾಪುರದಲ್ಲಿ ನನ್ನ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಾಳೆ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಸುರಪುರದಲ್ಲಿ ಮಗ ಸೊಸೆಯ ಜೊತೆ ಇದ್ದಳು. ಇದ್ದಳು ಎಂದು ಬರೆಯುವುದು ಇನ್ನೂ ರೂಢಿಯಾಗಿಲ್ಲ.

ಅಪ್ಪ ಮನೆಗೆ ಫೋನು ಹಾಕಿಸಿದ ಕಾಲದಲ್ಲಿ ಶಹಾಪುರದಿಂದ ಸುರಪುರಕ್ಕೆ ಮಾತಾಡಬೇಕೆಂದರೆ ಗಡಿಯಾರ ನೋಡಿಕೊಂಡು ಮಾತಾಡಬೇಕಿತ್ತು. ಹಾಗಾಗಿ ಅಕ್ಕ ತಂಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ದೊಡ್ಡವ್ವ ನಮ್ಮ ನಂಬರು ತಿರುಗಿಸುತ್ತಿದ್ದಳು. ಎರಡು ರಿಂಗು ಆದ ಕೂಡಲೇ ಇಟ್ಟುಬಿಡುತ್ತಿದ್ದಳು. ಇಲ್ಲಿ ಎಲ್ಲ ಆರಾಮ ಎಂದು ಅರ್ಥ. ಅವ್ವ ತಿರುಗಿ ಎರಡು ರಿಂಗು ಕೊಟ್ಟರೆ ಇಲ್ಲೂ ಆರಾಮ ಎಂದು. ಮೂರನೆಯ ರಿಂಗು ಬಂದರೆ ಮಾತ್ರ ಏನೋ ಹೇಳುವುದಿದೆ, ಎತ್ತಬೇಕು. ಮೊದಲು ಬಾರಿಸುವವಳು ಯಾವತ್ತೂ ಅಕ್ಕನೇ. ತಂಗಿ ತಾನಾಗಿ ಮೊದಲು ಬಾರಿಸಿದ್ದು ನನಗಂತೂ ನೆನಪಿಲ್ಲ.

ಆ ಹೊತ್ತಿಗೆ ಯಾರಾದರೂ ಫೋನಿನ ಕಡೆ ಕೈ ಚಾಚಿದರೆ ಅವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಮುಟ್ಟಬ್ಯಾಡ! ಅಕ್ಕಂದು ಅದ ಅದು!"

"ಎತ್ತಿದ್ರ ಏನ್ ಕಡೀತದೇನು?" ಎಂದು ತಮ್ಮ ಕೆಣಕುತ್ತಿದ್ದ. "ಇವರಿಬ್ಬರೂ ಕೂಡಿ ಫೋನಿನವರನ್ನ ದಿವಾಳಿ ಎಬ್ಬಿಸ್ತಾರ ನೋಡು."

"ಎಬ್ಬಸ್ಲಿ ಬಿಡು. ಅವರೇನು ನಮ್ಮ ಬೀಗರೇನು?"

ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ದೊಡ್ಡವ್ವ ನನಗೊಂದು ವರ ತಂದಳು. ಸುರಪುರದ ಹತ್ತಿರದ ಹಳ್ಳಿ, ಕಾಲುವೆ ನೀರಿನ ಹೊಲ, ಹುಡುಗ ಸೌಮ್ಯ. ಅವಳು ಆ ಮನೆಗೆ ಎಷ್ಟು ಸಲ ಹೋಗಿಬಂದಳೋ. ಎಲ್ಲ ಗೊತ್ತಾಗಿ, ನಿಶ್ಚಯದ ದಿನ ನೋಡಿದ ಮೇಲೆ ನಾನು ಒಲ್ಲೆ ಅಂದೆ. ಓದಬೇಕು ಅಂದೆ. ಮೊದಲೇ ಏಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಅನೇಕ ಸಲ ಕೇಳಿಕೊಂಡಿದ್ದೇನೆ. ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ನಾನು ಕೊಡುತ್ತ ಬಂದ ಉತ್ತರ. ಅದು ಎಷ್ಟು ನಿಜವೋ ಈಗ ಖಾತ್ರಿಯಿಲ್ಲ.

ಸುರಪುರದಲ್ಲಿ ದೊಡ್ಡವ್ವನ ಪಡಸಾಲೆಯಲ್ಲೇ ಆ ಜಗಳ ಆದದ್ದು. "ಮಗಳು ಒಲ್ಲೆ ಅಂದ್ರ ಕುತ್ತಿಗಿ ಹಿಡದು ನೂಕ್ಲೇನಕ್ಕ?" ಎಂದಳು ಅವ್ವ.

"ನೂಕು ಅಂತ ಯಾರಂದಾರ? ಪೈಲೆನೇ ಹೇಳಬೇಕಿತ್ತು. ಇನ್ನ ಆ ಮನಿ ಮುಂದ ನಾ ಹ್ಯಾಂಗ ಹಾಯ್ಲಿ? ನನ್ನ ಮಾತಿಗೆ ಏನ್ ಕಿಮ್ಮತ್ತು ಉಳೀತು?"

"ನಿನ್ನ ಮಾತಿನ ಕಿಮ್ಮತ್ತಿಗೆ ನನ್ನ ಮಗಳನ್ನ ಕೊಡಬೇಕೇನು?"

ಅಂದಿನಿಂದ ಅವರಿಬ್ಬರೂ ಮದುವೆ ಮುಂಜಿಗಳಲ್ಲಿ ಎದುರಾದರೆ "ಬಂದೀ?" "ಬಂದೆ", "ಉಂಡೀ?" "ಆತು" ಅನ್ನುವುದರ ಆಚೆ ಮಾತಾಡಲಿಲ್ಲ. ಮೂರನೆಯ ರಿಂಗು ನಮ್ಮ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ.

ಆದರೆ ಎರಡು ರಿಂಗು ನಿಲ್ಲಲಿಲ್ಲ. ಜಗಳವಾದ ದಿನ ನಾವು ಬಸ್ಸು ಹಿಡಿದು ಶಹಾಪುರಕ್ಕೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಎರಡು ಸಲ ಬಾರಿಸಿ ಸುಮ್ಮನಾಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿ ಎರಡು ಸಲ ಬಾರಿಸಿದಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಆಮೇಲೆ ಯಾರೋ ಹೇಳಿದ್ದನ್ನು ಕಂಡ ಹಾಗೆ ಇಟ್ಟುಕೊಂಡೆನೋ ಹೇಳಲಾರೆ. ಮುಂದೆ ಎಷ್ಟೋ ವರ್ಷ ಅದು ಹಾಗೇ ನಡೆದದ್ದಂತೂ ನಿಜ. ಅಪ್ಪ ತೀರಿಕೊಂಡ ವಾರದಲ್ಲೂ ದೀಪದ ಹೊತ್ತಿಗೆ ಎರಡು ರಿಂಗು ಬರುತ್ತಿತ್ತು.

ನಾನು ಅರ್ಥಶಾಸ್ತ್ರದವಳು. ಅದನ್ನು ಉಳಿತಾಯ ಎಂದೇ ತಿಳಿದಿದ್ದೆ.

ಹೋದ ವರ್ಷ ರಸ್ತೆ ಅಗಲ ಮಾಡಲು ಅಗೆದಾಗ ನಮ್ಮ ಓಣಿಯ ಫೋನಿನ ಕೇಬಲ್ಲಿಗೆ ಪೆಟ್ಟು ಬಿತ್ತು. ಎತ್ತಿದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು, ಆಚೆಯವರ ಮಾತು ಒಂದೂ ತಿಳಿಯುತ್ತಿರಲಿಲ್ಲ. ರಿಂಗು ಮಾತ್ರ ಮೊದಲಿನಂತೆ ಬರುತ್ತಿತ್ತು. ದೂರು ಕೊಟ್ಟರೆ ಒಂದೊಂದು ಸಲ ಒಬ್ಬ ಬಂದು ಕಂಬ ನೋಡಿ ಹೋಗುತ್ತಿದ್ದ. ತಮ್ಮನ ಬೀಜ ಗೊಬ್ಬರದ ಅಂಗಡಿಗೆ ಹೇಗಿದ್ದರೂ ಇಂಟರ್‌ನೆಟ್ ಬೇಕಿತ್ತು. ಅಂಗಡಿ ಮುಂದೆ, ಮನೆ ಹಿಂದೆ, ಒಂದೇ ಗೋಡೆ. ನಾನೇ ಯಾದಗಿರಿಯಲ್ಲಿ ವಿಚಾರಿಸಿದೆ. ಇಂಟರ್‌ನೆಟ್ ತಂತಿಯಲ್ಲೇ ಫೋನೂ ಬರುತ್ತದೆ, ಹಳೆಯ ನಂಬರೇ ಉಳಿಯುತ್ತದೆ, ತಿಂಗಳ ಖರ್ಚು ಹಿಂದಿನದಕ್ಕಿಂತ ಕಡಿಮೆ, ದೇಶದ ಯಾವ ಮೂಲೆಗೂ ಎಷ್ಟು ಮಾತಾಡಿದರೂ ಬೇರೆ ದುಡ್ಡಿಲ್ಲ. ನಂಬರು ಉಳಿಯಬೇಕೆಂದು ಒತ್ತಿ ಹೇಳಿದವಳು ನಾನು. ಅಷ್ಟು ಯೋಚಿಸಿದೆನಲ್ಲ ಎಂದು ಆಗ ನನ್ನ ಬಗ್ಗೆ ನನಗೇ ಮೆಚ್ಚುಗೆಯಿತ್ತು.

ಫೋನು ಜೋಡಿಸಲು ಬಂದವನು ನಡುವಯಸ್ಸಿನ ಮುಸಲ್ಮಾನ. ಮೊದಲು ಹಳೆಯ ಕೇಬಲ್ಲಿನ ಕೆಲಸವನ್ನೇ ಮಾಡುತ್ತಿದ್ದನಂತೆ. ಅವನ ಕೈಯಲ್ಲಿದ್ದ ತಂತಿಯನ್ನು ಅವ್ವ ಬೆರಳಲ್ಲಿ ಹಿಡಿದು ನೋಡಿದಳು.

"ಇಷ್ಟು ಸಣ್ಣದರಾಗ ಮಾತು ಹಿಡಸ್ತದೇನಪ್ಪಾ?"

"ಅಮ್ಮಾ, ಇದರಾಗ ಸಿನಿಮಾದ ಸಿನಿಮಾನೇ ಹಿಡಸ್ತಾವ. ನಿಮ್ಮ ಮಾತು ಹಿಡಸಂಗಿಲ್ಲೇನ್ರಿ? ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ."

"ನನ್ನ ಮಾತು ಏನಿಲ್ಲ. ರಿಂಗು ಬಂದ್ರ ಸಾಕು."

ಈ ಕೊನೆಯ ಮಾತನ್ನು ಅವ್ವ ಅಂದಳೆಂದು ನನಗೆ ಗಟ್ಟಿಯಾಗಿ ನೆನಪಿದೆ. ತಮ್ಮನಿಗೆ ನೆನಪಿಲ್ಲ. ಎಲ್ಲ ಆದ ಮೇಲೆ ನಾನೇ ಅವಳ ಬಾಯಲ್ಲಿ ಇಟ್ಟಿರಬಹುದು.

ಜೋಡಿಸಿ ಆದ ಮೇಲೆ ತಮ್ಮ ಅಂಗಡಿಯಲ್ಲಿ ನಿಂತು ಮೊಬೈಲಿನಿಂದ ಮನೆಗೆ ಫೋನು ಹಚ್ಚಿದ. ಮನೆಯ ಫೋನು ಬಾರಿಸಿತು, ಬಾರಿಸುತ್ತಲೇ ಇತ್ತು, ಅವ್ವ ಎತ್ತಿದಳು. ಮಾತು ಗಾಜಿನಷ್ಟು ಸ್ವಚ್ಛವಾಗಿ ಕೇಳಿತು. "ಬರೋಬ್ಬರಿ ಅದನೋ ಇಲ್ಲೋ?" ಎಂದು ಅವನು ಕೇಳಿದ. ಬರೋಬ್ಬರಿ ಇತ್ತು. ಎರಡೇ ರಿಂಗಿಗೆ ಇಟ್ಟು ನೋಡಬೇಕೆಂದು ನಮಗಾರಿಗೂ ತೋಚಲಿಲ್ಲ. ಹೊರಡುವಾಗ ನಾನು ಅವ್ವನಿಗೆ ಹೇಳಿದೆ, "ಇನ್ನ ಎಷ್ಟರೆ ಮಾತಾಡು ಅವ್ವ, ರೊಕ್ಕಿಲ್ಲ. ಆ ಎರಡು ರಿಂಗಿನ ಆಟ ಬಿಟ್ಟು ದೊಡ್ಡವ್ವನ ಜೋಡಿ ಮಾತಾಡೇ ಬಿಡು." ಅವ್ವ ನನ್ನ ಚೀಲಕ್ಕೆ ರೊಟ್ಟಿ ತುಂಬುತ್ತಿದ್ದಳು.

ಆಮೇಲಿನ ಒಂದೂವರೆ ತಿಂಗಳು ಪರೀಕ್ಷೆಯ ಕಾಲ, ನಾನು ಊರಿಗೆ ಹೋಗಲಿಲ್ಲ. ಅವ್ವ ಒಂದು ದಿನ ಫೋನು ಮಾಡಿ, ಅದೂ ಇದೂ ಆದ ಮೇಲೆ, "ಅಕ್ಕನ ರಿಂಗು ಬರವಲ್ದು" ಅಂದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಕರೆಂಟ್ ಹೋದಾಗ ಈ ಫೋನ್ ನಡೆಯಂಗಿಲ್ಲ ಅವ್ವ. ಆವಾಗ ಬಾರಿಸಿರ್ತಾಳ," ಎಂದೆ. ಆಗ ಸಂಜೆ ಹೊತ್ತು ಕರೆಂಟು ಹೋಗುತ್ತಲೂ ಇತ್ತು. ಅವ್ವ ಹೌದೇನೋ ಅಂದಳು.

ಇದನ್ನು ಅವಳು ಒಂದೇ ಸಲ ಹೇಳಿದ್ದೆಂದು ನನ್ನ ನೆನಪು. ಮೂರು ಸಲ ಹೇಳಿದೆ ಎಂದು ಅವ್ವ ಅನ್ನುತ್ತಾಳೆ. ದಿನಚರಿಯಲ್ಲಿ ಒಂದು ಸಲವೂ ಇಲ್ಲ. ಅವ್ವನ ಲೆಕ್ಕವೇ ಸರಿ ಇರಬೇಕು, ಕಾಯುತ್ತಿದ್ದವಳು ಅವಳು.

ತಾನೇ ಮೊದಲು ಏಕೆ ಹಚ್ಚಲಿಲ್ಲ ಎಂದು ಆಮೇಲೆ ಅವ್ವನನ್ನು ಕೇಳಿದ್ದೇನೆ. "ಜಗಳಾಡಿದ ದಿನಾನೂ ಅಕ್ಕ ಬಾರಿಸಿದ್ಲು. ಅಂಥಾಕಿ ಬಿಟ್ಲಂದ್ರ, ಸಾಕಾಗಿ ಬಿಟ್ಟಾಳ ಅಂದ್ಕೊಂಡೆ. ಮ್ಯಾಲೆ ಬಿದ್ದು ಹೋಗಾಕ ಮನಸ್ಸು ಬರಲಿಲ್ಲ," ಎಂದಳು.

ಒಂದು ಬೆಳಿಗ್ಗೆ ಸುರಪುರದಿಂದ ಅಣ್ಣ, ಅಂದರೆ ದೊಡ್ಡವ್ವನ ಮಗ, ನನ್ನ ತಮ್ಮನ ಮೊಬೈಲಿಗೆ ಹಚ್ಚಿದ. ದೊಡ್ಡವ್ವ ನಸುಕಿನಲ್ಲಿ ಎದ್ದಿರಲಿಲ್ಲ. ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ನಾನು ಯಾದಗಿರಿಯಿಂದ ಬಸ್ಸಿಗೆ ಬಂದು ಶಹಾಪುರದಲ್ಲಿ ಅವ್ವ, ತಮ್ಮ, ಅವನ ಹೆಂಡತಿಯನ್ನು ಕೂಡಿಕೊಂಡೆ. ದಾರಿಯುದ್ದಕ್ಕೂ ಅವ್ವ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಹತ್ತಿಗೂಡೂರು ದಾಟುವಾಗ ಒಂದೇ ಮಾತು ಅಂದಳು: "ಸಿಟ್ಟಿನಾಗೇ ಹೋದ್ಲಲ್ಲ."

ಮಣ್ಣು ಕೊಟ್ಟು ಬಂದೆವು. ಮೂರನೆಯ ದಿನ ನಾವೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಮತ್ತೆ ಹೋದೆವು. ಪಡಸಾಲೆಯಲ್ಲಿ ಜಮಖಾನ ಹಾಸಿ ಹೆಣ್ಣುಮಕ್ಕಳು ಕುಳಿತಿದ್ದರು. ದೊಡ್ಡವ್ವನ ಸೊಸೆ ಬಂದವರಿಗೆಲ್ಲ ಹೇಗಾಯಿತೆಂದು ಹೇಳುತ್ತಿದ್ದಳು. ಒಬ್ಬರಿಗೆ "ನಾಕ್ಕೆಂಟು ದಿನ ಆತ್ರಿ, ಮೈ ಬಿಸಿ ಇತ್ತು" ಅಂದಳು. ಇನ್ನೊಬ್ಬರಿಗೆ "ಹಿಂದಿನ ದಿನಾನೂ ರೊಟ್ಟಿ ಬಡದಾರ್ರಿ" ಅಂದಳು. ಎರಡನ್ನೂ ನಾನು ಕೇಳಿಸಿಕೊಂಡೆ. ಅದರಲ್ಲಿ ಕೇಳಬೇಕಾದದ್ದು ಏನಾದರೂ ಇದೆ ಎಂದು ಆಗ ಹೊಳೆಯಲಿಲ್ಲ.

ಅವ್ವ ಗೋಡೆಗೆ ಒರಗಿ ಅಳುತ್ತಿದ್ದಳು. ಸೊಸೆ ಅವಳ ಕಡೆ ತಿರುಗಿದಳು. "ಈಗ ಅತ್ರ ಏನ್ ಬಂತು ಸಣ್ಣತ್ತಿ? ಅವರು ದಿನಾ ದೀಪ ಹಚ್ಚಿ ಬಾರಿಸ್ತಿದ್ರು. ತಿರುಗಿ ನಿಮ್ಮ ಕಡಿಂದ ಬರ್ಲೇ ಇಲ್ಲ. ಬಾರಿಸಿ ಫೋನಿನ ಬಾಜೂಕ ಕುಂಡ್ರುತಿದ್ರು. ಊಟಕ್ಕ ಕರದ್ರ ಬರ್ತಿದ್ದಿಲ್ಲ."

ಅವ್ವನ ಅಳು ನಿಂತಿತು. "ನಾನು? ನಾ ಬಿಟ್ಟೆನೇನು? ಅಕ್ಕನೇ ಬಿಟ್ಟಾಳಲ್ಲ! ತಿಂಗಳೊಪ್ಪತ್ತು ಆತು, ಒಂದು ರಿಂಗು ಬಂದಿಲ್ಲ ನಮ್ಮನಿಗಿ!"

"ನಾ ಕಣ್ಣೀಲೆ ನೋಡೀನಿ ಸಣ್ಣತ್ತಿ. ಸತ್ತವರ ಮ್ಯಾಲೆ ಹಾಕಬ್ಯಾಡ್ರಿ."

"ಆಣಿ ಮಾಡಿ ಹೇಳ್ತೀನಿ, ಬಂದಿಲ್ಲ!"

ಕುಳಿತವರೆಲ್ಲ ಅವ್ವನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಹೊರಗೆ ಹೋದ. ತಪ್ಪು ಹೊಸ ಫೋನಿನದೆಂದು ಅಲ್ಲೇ ಗೊತ್ತಾಗಿರಬೇಕು ನನಗೆ, ಅಥವಾ ಬಸ್ಸಿನಲ್ಲಿ. ಎಲ್ಲಿ ಎಂದು ಬಿಡಿಸಿ ಹೇಳಲಾರೆ.

ಶಹಾಪುರಕ್ಕೆ ಮರಳಿ ಬಂದು ಹೊಸ ಫೋನನ್ನು ಕೈಗೆತ್ತಿಕೊಂಡೆ. ಅದರ ಸಣ್ಣ ಪರದೆಯ ಮೂಲೆಯಲ್ಲಿ ಒಂದು ಗುರುತು ಮಿನುಗುತ್ತಿತ್ತು. ಬಂದ ದಿನದಿಂದ ಮಿನುಗುತ್ತಲೇ ಇತ್ತಂತೆ. ಅದು ಹಾಗೇ ಇರುತ್ತದೆ ಎಂದು ತಮ್ಮನ ಹೆಂಡತಿ ತಿಳಿದಿದ್ದಳು. ಗುಂಡಿ ಒತ್ತಿದೆ. ಎತ್ತದೆ ಹೋದ ಕರೆಗಳ ಪಟ್ಟಿ ಬಂತು. ಕೊನೆಯ ಇಪ್ಪತ್ತನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ, ಹಳೆಯವು ತಾವಾಗಿ ಅಳಿಯುತ್ತವೆ. ಸಾಲ ಬೇಕೇ ಎಂದು ಕೇಳುವವರ ನಂಬರು ನಾಲ್ಕೈದು ಇದ್ದವು. ಉಳಿದವೆಲ್ಲ ಸುರಪುರದ ಮನೆಯ ನಂಬರು. ದಿನಕ್ಕೊಂದು, ಎಲ್ಲವೂ ದೀಪದ ಹೊತ್ತಿನವು.

ತಮ್ಮ ಅಂಗಡಿಗೆ ಹೋಗಿ ಮೊಬೈಲಿನಿಂದ ಹಚ್ಚಿದ. "ಒಂದಾತು... ಎರಡಾತು... ಇಟ್ಟೆ," ಎಂದು ಗೋಡೆಯಾಚೆಯಿಂದ ಕೂಗಿದ. ನಮ್ಮೆದುರಿನ ಫೋನು ಸದ್ದು ಮಾಡಲಿಲ್ಲ. ಪರದೆ ಮಾತ್ರ ಒಮ್ಮೆ ಬೆಳಗಿ ಆರಿತು.

"ಮತ್ತೊಮ್ಮೆ ಹಚ್ಚು ಅನ್ನು," ಅಂದಳು ಅವ್ವ.

ಅವನು ಮತ್ತೊಮ್ಮೆ ಹಚ್ಚಿದ. ಮತ್ತೂ ಒಮ್ಮೆ. ಮೂರನೆಯ ರಿಂಗಿನ ತನಕ ಬಿಟ್ಟರೆ ಇಲ್ಲಿ ಮೊದಲ ರಿಂಗು ಕೇಳುತ್ತಿತ್ತು. ಅವ್ವ ಎಷ್ಟು ಸಲ ಹಚ್ಚಿಸಿದಳೋ. ಕೊನೆಗೆ ತಮ್ಮ ಅಂಗಡಿಯಿಂದ ಬಂದು, "ಸಾಕು ಬಿಡವ್ವ," ಎಂದು ಅವಳ ಪಕ್ಕದಲ್ಲಿ ಕುಳಿತ.

ಜೋಡಿಸಿದವನಿಗೆ ಫೋನು ಮಾಡಿದೆ. ಅವನು ಸಾವಕಾಶವಾಗಿ ತಿಳಿಸಿ ಹೇಳಿದ. "ಮೇಡಂ, ಹಚ್ಚಿದವರ ಕಿವಿಯಾಗ ಬರೋ ರಿಂಗು ಬ್ಯಾರೆ, ನಿಮ್ಮನ್ಯಾಗ ಬಾರಿಸೋದು ಬ್ಯಾರೆ. ಅವರಿಗಿ ಅಲ್ಲೇ ಸುರು ಆಗ್ತದ. ನಿಮ್ಮ ಫೋನ್ ಪೈಲೆ ಅವರ ನಂಬರ್ ತಗೋತದ, ಆಮ್ಯಾಲ ಬಾರಿಸ್ತದ. ಎಲ್ಲಾ ಕಡಿ ಹಂಗಲ್ರಿ, ಕೆಲವು ಕಡಿ ಆಗ್ತದ. ಜರಾ ತಡ ಅಷ್ಟೇ. ಯಾಕ್ರೀ, ಏನಾರ ತ್ರಾಸ ಆತೇನ್ರಿ?"

ಇಲ್ಲ ಎಂದೆ. ಅವನ ತಪ್ಪೇನೂ ಇರಲಿಲ್ಲ. ಹಳೆಯ ತಂತಿಯಲ್ಲಿ ಮಾತು ಕೆಟ್ಟು ರಿಂಗು ಉಳಿದಿತ್ತು. ನಾನು ಮಾತು ಚೆನ್ನಾಗಿ ಕೇಳುವ ಫೋನು ತಂದುಕೊಟ್ಟೆ.

ಪಟ್ಟಿಯನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ, ಅಳಿದು ಹೋಗುವ ಮೊದಲು. ಬರೆಯುವಾಗ ಒಂದು ಸಂಗತಿ ಕಂಡಿತು. ಸುರಪುರದ ಕೊನೆಯ ಕರೆ ದೊಡ್ಡವ್ವ ಹೋಗುವ ಎಂಟು ದಿನ ಮುಂಚಿನದು. ಅಲ್ಲಿಂದ ಮುಂದೆ ಅವಳು ಬಾರಿಸಿರಲಿಲ್ಲ. ಅವ್ವನಿಗೆ ಹೇಳಬಾರದೆಂದು ಅಂದುಕೊಂಡೆ. ಆದರೆ ಅವ್ವ ಅಂಕಿ ಓದಬಲ್ಲಳು. ಚೀಟಿಯನ್ನು ಕೈಯಿಂದ ತೆಗೆದುಕೊಂಡು, ತಾರೀಖುಗಳ ಮೇಲೆ ಬೆರಳಿಟ್ಟು ಕೆಳಗಿನ ತನಕ ಬಂದಳು.

"ಎಂಟು ದಿನ ಬಾರಿಸಿಲ್ಲಲ್ಲ," ಎಂದಳು. ಆಮೇಲೆ, "ಜ್ವರ ಬಂದು ಏಳಾಕ ಆಗಿಲ್ಲೋ, ಇಲ್ಲಾ ಆಕೀನೂ ನನ್ನಂಗ ಅಂದ್ಕೊಂಡು ಬಿಟ್ಲೋ? ನೀ ಹೋಗಿ ಕೇಳಿಕೊಂಡು ಬಾ ಯವ್ವ. ನಾ ಕೇಳಿದ್ರ ಆ ಸೊಸಿ ಬೈತಾಳ."

ಇದೊಂದೇ ಅವಳಿಗೆ ಬೇಕಾಗಿದ್ದದ್ದು. ಜ್ವರ ಆಗಿದ್ದರೆ ಅಕ್ಕ ಕೊನೆಯ ತನಕ ತಂಗಿಯನ್ನು ಬಿಟ್ಟಿರಲಿಲ್ಲ ಎಂದಾಗುತ್ತದೆ.

ಮುಂದಿನ ಭಾನುವಾರ ನಾನೊಬ್ಬಳೇ ಸುರಪುರಕ್ಕೆ ಹೋದೆ. ಅಣ್ಣನನ್ನು ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೊಸ ಫೋನಿನ ವಿಷಯವನ್ನೆಲ್ಲ ಹೇಳಿದೆ. ಚೀಟಿ ತೋರಿಸಿದೆ. ತಪ್ಪು ನನ್ನದು, ಅವ್ವನದಲ್ಲ ಎಂದೆ. ಅವನು ಚೀಟಿಯನ್ನು ಕೈಗೆ ತೆಗೆದುಕೊಂಡ.

"ದಿನಾ ನನ್ನ ಕಣ್ಣ ಮುಂದ ಬಾರಿಸ್ತಿದ್ಲು ತಂಗಿ," ಎಂದ. "ಚಿಗವ್ವ ಯಾಕ ಸುಮ್ಮ ಇದ್ದಾಳ ಕೇಳು ಅಂತ ನಂಗೂ ಒಂದೆರಡು ಸಲ ಅಂದ್ಲು. ನಾ ಕೇಳ್ತೀನಿ ತಗೋ ಅಂದೆ. ಮೊಬೈಲ್ ಕಿಸೇದಾಗೇ ಇತ್ತು. ಹೆಣ್ಮಕ್ಕಳ ಜಗಳದಾಗ ನಾ ಯಾಕ ಬೀಳ್ಲಿ ಅಂತ ಬಿಟ್ಟೆ."

ಮೊಬೈಲು ನನ್ನ ಕೈಯಲ್ಲೂ ಇತ್ತು, ನನಗೂ ಅವ್ವ ಹೇಳಿದ್ದಳು.

ಅವನು ಚೀಟಿ ಮಡಚಿ ನನಗೆ ಕೊಟ್ಟ. ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ. ಅವನು ಎದ್ದು, "ಚಾ ಹೇಳಿ ಬರ್ತೀನಿ ಇರು," ಎಂದು ಒಳಗೆ ಹೋದ. ಚಹಾ ತಂದದ್ದು ಸೊಸೆ. ಅವಳನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಮೂರನೆಯ ದಿನ ಅವಳು ಆಡಿದ್ದ ಎರಡು ಮಾತಿನಲ್ಲಿ, ಮೈ ಬಿಸಿಯೋ ರೊಟ್ಟಿ ಬಡಿದದ್ದೋ, ಯಾವುದು ಬರುತ್ತದೋ ಎಂದು ಹೆದರಿದೆ.

ಅಂದಿನಿಂದ ಅಣ್ಣ ಎಷ್ಟೋ ಸಲ ಫೋನು ಮಾಡಿದ್ದಾನೆ. ಹತ್ತಿ ಬಿಡಿಸಿದ್ದು, ಮಗಳ ಶಾಲೆ, ದೊಡ್ಡವ್ವನ ವರ್ಷಾಂತಿಕಕ್ಕೆ ಬರಬೇಕೆನ್ನುವುದು, ಎಲ್ಲ ಮಾತಾಡುತ್ತಾನೆ. ಅದೊಂದು ಬರುವುದಿಲ್ಲ. ಊರಿಗೆ ಹೋದಾಗಲೆಲ್ಲ ಅವ್ವ ನನ್ನ ಮುಖ ನೋಡುತ್ತಾಳೆ, ಇನ್ನೂ ಇಲ್ಲ ಎಂದು ನಾನು ತಲೆಯಾಡಿಸುತ್ತೇನೆ. ನಾನು ಅವನನ್ನು ಕೇಳಿದ್ದು ಇಷ್ಟೇ:

"ಅಣ್ಣಾ, ಕಡೀ ಎಂಟು ದಿನ ದೊಡ್ಡವ್ವ ಎದ್ದು ಅಡ್ಡಾಡ್ತಿದ್ಲೇನು?"